ನಮಾಜು ಮಾಡುವ ಕುದುರೆ

ತಪ್ಪು ನನ್ನದೇ ಎಂದು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ಬಂದು ನನ್ನ ಕಿವಿ ಹಿಂಡುವುದು ಬೇಡ. ನಮ್ಮ ಜೀರ್ದೆ ನಮಾಜು ಮಾಡುತ್ತದೆ ಎಂಬ ಸುದ್ದಿ ನರಿನ್ ಕಣಿವೆಯ ಉದ್ದಕ್ಕೂ ಹಬ್ಬಿತಲ್ಲ, ಅದು ಹುಟ್ಟಿದ್ದು ನನ್ನ ಬಾಯಲ್ಲಿ. ಬೆಳಗಿನ ಚಹಾದ ಹೊತ್ತಿಗೆ, ಕರಿದ ಬೋರ್ಸೋಕ್ ಚೂರೊಂದನ್ನು ಅಗಿಯುತ್ತಾ ಆಡಿದ ಮಾತು. ಆದರೆ ಆ ಮಾತನ್ನು ನಾನು ಹಾಗೆಯೇ ಯಾಕೆ ಆಡಬೇಕಾಯಿತು ಎಂದು ಕೇಳಿದರೆ, ಆಗ ತಪ್ಪು ನನ್ನೊಬ್ಬಳದೇ ಅಲ್ಲ.

ನಮ್ಮಲ್ಲಿ ಸೊಸೆಯಾದವಳು ಗಂಡನ ಮನೆಯ ಹಿರಿಯರ ಹೆಸರು ಹೇಳುವಂತಿಲ್ಲ. ಹೆಸರಷ್ಟೇ ಆಗಿದ್ದರೆ ಹೇಗೋ ಸಂಭಾಳಿಸಬಹುದು. ಆ ಹೆಸರಿನ ದನಿ ಹೊರಡುವ ಬೇರೆ ಮಾತುಗಳನ್ನೂ ಹೇಳುವಂತಿಲ್ಲ. ಈಗ ಎಷ್ಟೋ ಮನೆಗಳಲ್ಲಿ ಇದನ್ನೆಲ್ಲ ತಮಾಷೆಗೆ ಬಿಟ್ಟಿದ್ದಾರೆ. ನಮ್ಮ ಅತ್ತೆ ಸೋನುನ್ ಬಿಟ್ಟಿರಲಿಲ್ಲ. ಮದುವೆಯಾದ ಮೂರನೆಯ ದಿನವೇ ನನ್ನನ್ನು ಒಲೆಯ ಮುಂದೆ ಕೂರಿಸಿಕೊಂಡು ಪಟ್ಟಿ ಒಪ್ಪಿಸಿದರು. ಮಾವನ ಹೆಸರು ಕೆರಿಮ್‌ಕುಲ್. ಆದ್ದರಿಂದ 'ಕೆರೆಕ್' ಅನ್ನಬಾರದು. ಕೆರೆಕ್ ಅಂದರೆ ಬೇಕು. 'ಕೆರಿಲ್' ಅನ್ನಬಾರದು. ಕೆರಿಲ್ ಅಂದರೆ ಮೈಮುರಿಯುವುದು. ಪಟ್ಟಿ ಇನ್ನೂ ಉದ್ದವಿತ್ತು, ಈ ಕಥೆಗೆ ಇವೆರಡು ಸಾಕು.

"ಮತ್ತೆ, ಏನಾದ್ರೂ ಬೇಕಾದಾಗ ಏನಂತ ಕೇಳ್ಲಿ ಅತ್ತೆ?" ಅಂದೆ.

"ಬೇಕಾಗೋ ಪ್ರಸಂಗ ಯಾಕೆ ಬರುತ್ತೆ ನಿನಗೆ?" ಅಂದರು.

ಹನ್ನೆರಡು ವರ್ಷ ಆ ಮನೆಯಲ್ಲಿ ಹಾಗೇ ಕಳೆದೆ. ಉಪ್ಪು ಮುಗಿದರೆ, ಉಪ್ಪಿನ ಡಬ್ಬಿಯ ತಳ ಕಾಣುತ್ತಿದೆ ಅನ್ನುತ್ತಿದ್ದೆ. ಕಾಲಿಗೆ ಹೊಸ ಬೂಟು ಬೇಕಾದರೆ, ನನ್ನ ಬೂಟು ನೀರು ಕುಡಿಯುತ್ತಿದೆ ಅನ್ನುತ್ತಿದ್ದೆ. ಕೇಳುವ ಮನಸ್ಸಿದ್ದವರಿಗೆ ಅರ್ಥವಾಗುತ್ತಿತ್ತು. ಮನಸ್ಸಿಲ್ಲದವರು ಬೂಟನ್ನು ಒಣಗಿಸಿಕೋ ಅನ್ನುತ್ತಿದ್ದರು.

ಇನ್ನು ಜೀರ್ದೆಯ ವಿಷಯ. ಅದು ಕೆಂಪು ಕುದುರೆ, ಹೆಸರಿನ ಅರ್ಥವೂ ಅದೇ. ಮದುವೆಯಾದ ಮೇಲೆ ಮೊದಲ ಸಲ ತವರಿಗೆ ಬಂದ ಮಗಳನ್ನು ಬರಿಗೈಯಲ್ಲಿ ಕಳಿಸಬಾರದೆಂದು ನನ್ನಪ್ಪ ಒಂದು ಗಬ್ಬದ ಹೆಣ್ಣುಕುದುರೆಯನ್ನು ನನ್ನ ಕೈಗೆ ಕೊಟ್ಟಿದ್ದ. ಆ ತಾಯಿಯ ಮೂರನೆಯ ಮರಿ ಜೀರ್ದೆ. ಮರಿ ಹನ್ನೊಂದು ದಿನದ್ದಾಗಿದ್ದಾಗ ತಾಯಿಯನ್ನು ತೋಳ ಹರಿದುಹಾಕಿತು. ಹಸುವಿನ ಹಾಲಿಗೆ ನೀರು ಬೆರೆಸಿ, ಬಾಟಲಿಯಲ್ಲಿ ಕುಡಿಸಿ ಬೆಳೆಸಿದವಳು ನಾನು. ಮೂರು ವರ್ಷದವರೆಗೆ ಅದನ್ನು ಯಾರೂ ಕಣ್ಣೆತ್ತಿ ನೋಡಿರಲಿಲ್ಲ. ಒಂದು ದಿನ ಅದು ಹೊಳೆಯ ದಂಡೆಯಲ್ಲಿ ಸುಮ್ಮನೆ ಓಡುತ್ತಿದ್ದದ್ದನ್ನು ಮಾವ ನೋಡಿದರು. ಮಾವ ಸಾಮಾನ್ಯರಲ್ಲ, ಸಯಾಪ್ಕೆರ್, ಅಂದರೆ ಓಟದ ಕುದುರೆಗಳನ್ನು ಹದಕ್ಕೆ ತರುವವರು. ಅವರ ಕೈಯಲ್ಲಿ ಪಳಗಿದ ಕುದುರೆಗಳ ಹೆಸರನ್ನು ಹೊರಗಿನ ಕಣಿವೆಯವರೂ ಹೇಳುತ್ತಾರೆ. ಅವತ್ತಿನಿಂದ ಅದು ಕೆರಿಮ್‌ಕುಲನ ಜೀರ್ದೆ ಆಯಿತು. ನನ್ನನ್ನು ಯಾರೂ ಕೇಳಲಿಲ್ಲ, ನಾನೂ ಬಾಯಿ ತೆರೆಯಲಿಲ್ಲ.

ಆ ಶರತ್ಕಾಲದಲ್ಲಿ ಮಾವನ ಅಣ್ಣ ಬೈಸಾಲ್ ತೀರಿಕೊಂಡು ವರ್ಷ ತುಂಬುತ್ತಿತ್ತು. ವರ್ಷದ ಊಟಕ್ಕೆ ಇಪ್ಪತ್ತೈದು ಕಿಲೋಮೀಟರಿನ ಕುದುರೆ ಓಟ ಇಟ್ಟಿದ್ದರು. ನಮ್ಮ ಮನೆಯ ಕುದುರೆ ನಿನ್ನ ಹೆಸರಿನಲ್ಲಿ ಮೊದಲು ಬರುತ್ತದೆ ಎಂದು ಮಾವ ಅಣ್ಣನ ಹಾಸಿಗೆಯ ಪಕ್ಕ ಕೂತು ಮಾತು ಕೊಟ್ಟಿದ್ದರು. ಅವರಿಗೆ ಎಪ್ಪತ್ನಾಲ್ಕು ವರ್ಷ. ಇದೇ ನನ್ನ ಕೊನೆಯ ಕುದುರೆ ಎಂದು ಅವರೇ ಅನ್ನುತ್ತಿದ್ದರು.

ಹದ ಅಂದರೆ ನಲವತ್ತು ದಿನದ ಕೆಲಸ. ಮಧ್ಯಾಹ್ನ ಕಂಬಳಿ ಹೊದಿಸಿ ಕುದುರೆಯ ಬೆವರಿಳಿಸಬೇಕು. ಮಾವ ಆ ಬೆವರನ್ನು ಬೆರಳಿನಿಂದ ತೆಗೆದು ನಾಲಿಗೆಗೆ ಹಚ್ಚಿ ನೋಡುತ್ತಿದ್ದರು. ಮೊದಲು ಜಿಗುಟು, ಹದ ಬಂದ ಮೇಲೆ ತಿಳಿನೀರು. ಸಂಜೆ ಅಳತೆಯ ಮೇವು, ಅದಾದ ಮೇಲೆ ತಲೆಯನ್ನು ಮೇಲೆತ್ತಿ ಕಂಬಕ್ಕೆ ಕಟ್ಟಿಬಿಡುವುದು. ಬೆಳಕು ಹರಿಯುವವರೆಗೆ ಬಾಯಿಗೆ ಒಂದು ಎಸಳು ಹುಲ್ಲೂ ಸಿಗಬಾರದು, ಹೊಟ್ಟೆ ಹಗುರಾಗಬೇಕು. ತಲೆಮಾರುಗಳಿಂದ ಎಲ್ಲರೂ ಹೀಗೇ ಮಾಡುತ್ತಾ ಬಂದಿದ್ದಾರೆ, ಅದರಲ್ಲಿ ತಪ್ಪು ಹುಡುಕಲು ನಾನು ಯಾರು? ಆದರೆ ಆ ಸಲ ಮಾವನಿಗೆ ಅಣ್ಣನ ಋಣ ತಲೆಗೇರಿತ್ತು. ಬೆಳಕು ಹರಿದರೂ ಬಿಚ್ಚುತ್ತಿರಲಿಲ್ಲ, ಬಿಸಿಲು ಗುಡ್ಡ ದಾಟಿ ಅಂಗಳಕ್ಕೆ ಇಳಿಯುವವರೆಗೆ ಕಾಯಿಸುತ್ತಿದ್ದರು. ಮೇವಿನ ಅಳತೆಯೂ ದಿನದಿಂದ ದಿನಕ್ಕೆ ಕುಗ್ಗುತ್ತಿತ್ತು.

ಇಪ್ಪತ್ತನೆಯ ದಿನವೋ ಏನೋ, ನಾನು ಹಸು ಕರೆಯಲು ಕೂತಿದ್ದೆ. ಜೀರ್ದೆಯನ್ನು ಆಗಷ್ಟೇ ಬಿಚ್ಚಿದ್ದರು. ಅದು ಎರಡೂ ಮುಂಗಾಲುಗಳನ್ನು ಮುಂದಕ್ಕೆ ಚಾಚಿ, ಎದೆಯನ್ನು ನೆಲಕ್ಕೆ ಇಳಿಸಿ, ಹಿಂಭಾಗ ಮೇಲೆ ಮಾಡಿಕೊಂಡು ಹಾಗೇ ಒಂದು ಗಳಿಗೆ ನಿಂತಿತು. ಚಹಾಕ್ಕೆ ಒಳಗೆ ಹೋದಾಗ ಮಾವ ಕೇಳಿದರು, "ಹೇಗಿದೆ ಕುದುರೆ ಇವತ್ತು?"

ಮೈಮುರಿಯಿತು ಅನ್ನಬೇಕಿತ್ತು ನಾನು, ಅಂದರೆ ಅದೇ ಕೆರಿಲ್. ಆ ಮಾತು ನಾಲಿಗೆಯ ತುದಿಗೆ ಬಂದು ಅಲ್ಲೇ ನಿಂತಿತು. ಬಾಯಲ್ಲಿ ಬೋರ್ಸೋಕ್, ಎದುರಿಗೆ ಅತ್ತೆಯ ಕಣ್ಣು. ಬೇಗ ಏನಾದರೂ ಸಿಗಬೇಕಲ್ಲ.

"ನಮಾಜು ಮಾಡೋರ ಹಾಗೆ ಬಗ್ಗಿತ್ತು ಮಾವ," ಅಂದೆ.

ಮಾವ ಬಟ್ಟಲನ್ನು ಕೆಳಗಿಟ್ಟರು. "ಏನಂದೆ? ಇನ್ನೊಂದು ಸಲ ಹೇಳು."

ಹೇಳಿದೆ. ಅವರ ಗಡ್ಡ ನಡುಗಿತು, ಕಣ್ಣಲ್ಲಿ ನೀರು ತುಂಬಿತು. ಆಗ ನನಗೆ ಹೊಳೆಯಿತು, ಆದರೆ ಹೊತ್ತು ಮೀರಿತ್ತು. ಬೈಸಾಲ್ ದೊಡ್ಡಪ್ಪ ಐದು ಹೊತ್ತೂ ತಪ್ಪದೆ ನಮಾಜು ಮಾಡುವವರು. ಮಾವ ಕುದುರೆಯ ಹಿಂದೆ ಅಲೆಯುತ್ತಾ ಒಂದು ಹೊತ್ತೂ ಮಾಡದವರು. ದೊಡ್ಡಪ್ಪ ಬಂದಾಗಲೆಲ್ಲ ರೇಗಿಸುತ್ತಿದ್ದರು, "ನೀನಂತೂ ಬಗ್ಗಲ್ಲ ಕಣೋ, ನಿನ್ನ ಕುದುರೆಗಾದ್ರೂ ಕಲಿಸು." ನನ್ನ ಒಂದು ಹಾಳು ಮಾತು ಹೋಗಿ ಸತ್ತವರ ತಮಾಷೆಗೆ ಅಂಟಿಕೊಂಡಿತು.

"ಅಣ್ಣನಿಗೆ ಗೊತ್ತಾಗಿದೆ," ಅಂದರು ಮಾವ. ಆ ಮುಖ ನೋಡಿ ಅಲ್ಲ ಅನ್ನಲು ನನಗೆ ಬಾಯಿ ಬರಲಿಲ್ಲ.

ಪಕ್ಕದ ಮನೆಯ ಜಾನಿಲ್ ಮೊಸರು ಕೇಳುವ ನೆಪದಲ್ಲಿ ಬಂದವಳು ಸುದ್ದಿ ಎತ್ತಿಕೊಂಡು ಹೋದಳು. ಮರುದಿನ ಬೆಳಿಗ್ಗೆ ಬೇಲಿಯ ಆಚೆ ಐದು ಜನ ನಿಂತಿದ್ದರು, ಅದರ ಮರುದಿನ ಇಪ್ಪತ್ತು. ಜೀರ್ದೆ ಅವರನ್ನು ನಿರಾಶೆಗೊಳಿಸಲಿಲ್ಲ. ಮುಂಗಾಲು ಚಾಚಿತು, ಎದೆ ಇಳಿಸಿತು, ಎದ್ದಿತು, ನಾಲ್ಕು ಹೆಜ್ಜೆ ನಡೆದು ಮತ್ತೆ ಚಾಚಿತು. ಜನ ಅಂಗೈ ಎತ್ತಿ ಮುಖಕ್ಕೆ ಸವರಿಕೊಂಡರು. ಮುಲ್ಲಾನನ್ನು ಕರೆದುಕೊಂಡು ಬಂದರು. ಆತ ಒಳ್ಳೆಯ ಮನುಷ್ಯ, ಬಹಳ ಹೊತ್ತು ನೋಡಿ, "ನಾನು ಮಕ್ಕಳಿಗೆ ಕಲಿಸೋನು, ಕುದುರೆ ವಿಷಯ ನನಗೆ ತಿಳಿಯದು," ಎಂದು ಹೊರಟುಹೋದ. ಮುಲ್ಲಾ ಅಲ್ಲಗಳೆಯಲಿಲ್ಲ ಎಂದು ಊರು ಅರ್ಥ ಮಾಡಿಕೊಂಡಿತು.

ನಾನು ಮಾತ್ರ ಕುದುರೆಯನ್ನೇ ನೋಡುತ್ತಿದ್ದೆ. ನನ್ನಪ್ಪ ಹೆಣ್ಣುಕುದುರೆಗಳ ಮಂದೆ ಕಾದವನು. ಅವನ ಜೊತೆ ಬೆಳಗಾದರೆ ಮಂದೆಯ ನಡುವೆ ನಡೆದು ಬೆಳೆದವಳು ನಾನು. ಮಲಗಿದ್ದ ಕುದುರೆ ಎದ್ದು, ಕತ್ತು ಕೊಂಕಿಸಿ, ಒಂದು ಹಿಂಗಾಲನ್ನು ಹಿಂದಕ್ಕೆ ಎಳೆದು, ಆಮೇಲೆ ಇನ್ನೊಂದನ್ನು ಎಳೆದು, ಮೈ ಕೊಡವಿಕೊಂಡು ಸೀದಾ ಮೇವಿಗೆ ಹೋದರೆ ಅಪ್ಪ ಅದರ ಕಡೆ ಎರಡನೆಯ ಸಲ ತಿರುಗಿಯೂ ನೋಡುತ್ತಿರಲಿಲ್ಲ. ನಿದ್ದೆ ಚೆನ್ನಾಗಿ ಆಗಿದೆ, ಅಷ್ಟೇ. ನಿಂತಿದ್ದ ಕುದುರೆ ಮಲಗದೆ ಏಳದೆ ಮತ್ತೆ ಮತ್ತೆ ಮುಂಗಾಲು ಚಾಚಿದರೆ ಮಾತ್ರ ಕೆಲಸ ಬಿಟ್ಟು ಅದರ ಹಿಂದೆಯೇ ನಡೆಯುತ್ತಿದ್ದ. ಲದ್ದಿ ನೋಡುತ್ತಿದ್ದ, ಪಕ್ಕೆಗೆ ಕಿವಿಯಿಟ್ಟು ಕೇಳುತ್ತಿದ್ದ. ಹೊಟ್ಟೆಯೊಳಗೆ ಎಲ್ಲೋ ಚುಚ್ಚುತ್ತಿದೆ, ಪಾಪ ತನ್ನನ್ನು ತಾನೇ ಎಳೆದು ಜಾಗ ಮಾಡಿಕೊಳ್ಳುತ್ತಿದೆ ಅನ್ನುತ್ತಿದ್ದ.

ಜೀರ್ದೆ ಮೈಮುರಿದ ಮೇಲೆ ಕೊಡವಿಕೊಳ್ಳುತ್ತಿರಲಿಲ್ಲ, ಆಕಳಿಸುತ್ತಿರಲಿಲ್ಲ. ತಿರುಗಿ ತನ್ನ ಪಕ್ಕೆಯನ್ನೇ ನೋಡುತ್ತಿತ್ತು. ಮೇಲ್ತುಟಿ ಮಡಚುತ್ತಿತ್ತು. ಹಲ್ಲು ಕಡಿಯುವ ಸದ್ದು ನಾನು ಹಾಲು ಕರೆಯುವಲ್ಲಿಗೆ ಕೇಳುತ್ತಿತ್ತು. ಕೊಟ್ಟ ಬಾರ್ಲಿಯನ್ನು ಅರ್ಧಕ್ಕೆ ಬಿಟ್ಟು ಗೋಡೆಯ ಮಣ್ಣು ನೆಕ್ಕುತ್ತಿತ್ತು. ಲದ್ದಿ ಗಟ್ಟಿ ಗೋಲಿ, ಮೇಲೆ ಲೋಳೆ. ಮೊದಮೊದಲು ಬೆಳಿಗ್ಗೆ ಎರಡು ಸಲ ಚಾಚುತ್ತಿದ್ದದ್ದು ಆಮೇಲೆ ಎಂಟು ಹತ್ತು ಸಲಕ್ಕೆ ಬಂತು. ಚಾಚಿದಷ್ಟೂ ಬೇಲಿಯಾಚೆಯ ಜನಕ್ಕೆ ಸಂತೋಷ. ನನಗೆ ಆ ಜನರ ಮೇಲೆ ಬಂದ ಸಿಟ್ಟಿಗಿಂತ ನನ್ನ ನಾಲಿಗೆಯ ಮೇಲೆ ಬಂದ ಸಿಟ್ಟು ಹೆಚ್ಚು.

ಮೊದಲು ಅತ್ತೆಯ ಹತ್ತಿರ ಹೋದೆ.

"ಅತ್ತೆ, ಜೀರ್ದೆ ಮಾಡ್ತಿರೋದು ನಮಾಜಲ್ಲ. ನಾವು ನಿದ್ದೆಯಿಂದ ಎದ್ದ ಕೂಡ್ಲೇ ಮಾಡ್ತೀವಲ್ಲ, ಅದು."

"ಮುಖ ತೊಳೆಯೋದಾ?"

"ಅಲ್ಲ ಅತ್ತೆ. ಹಾಸಿಗೆ ಮೇಲೇ ಮಾಡ್ತೀವಲ್ಲ."

"ಆಕಳಿಸೋದು."

"ಅದರ ಜೊತೆಗೆ ಬರೋದು."

ಅತ್ತೆ ಹಿಟ್ಟು ನಾದುತ್ತಲೇ ಇದ್ದರು. ಅವರಿಗೆ ಮೊದಲನೆಯ ಮಾತಿಗೇ ಅರ್ಥವಾಗಿತ್ತು ಅಂತ ನನಗೆ ಗೊತ್ತು. "ಹೇಳೋಕೆ ಬಾರದ ಮಾತು ಹೇಳದೇ ಇರೋದೇ ಒಳ್ಳೇದು," ಅಂದರು. "ನಲವತ್ತು ವರ್ಷ ಕುದುರೆ ಕಟ್ಟಿದ ಗಂಡಸಿಗೆ ನೀನು ಪಾಠ ಹೇಳ್ಬೇಡ."

ಸರಿ, ಗಂಡನ ಹತ್ತಿರ ಹೋದೆ. ಮೆದೆರ್ ಜೀನಿನ ಪಟ್ಟಿ ಹೊಲಿಯುತ್ತಾ ಕೂತಿದ್ದ. ನನ್ನ ಗಂಡ ಕೆಟ್ಟವನಲ್ಲ, ಅಪ್ಪನ ಮುಂದೆ ಮಾತ್ರ ಅವನ ಬೆನ್ನುಮೂಳೆ ಕರಗುತ್ತದೆ. ಅವನಿಗೂ ಹಾಗೇ ಸುತ್ತುಬಳಸಿ ಹೇಳಿದೆ.

"ಓ, ಕೆರಿಲೋದು," ಅಂದ.

"ಅದೇ. ನೋಡಿ, ನಿಮಗೆಷ್ಟು ಸಲೀಸು. ಈಗ ಹೋಗಿ ನಿಮ್ಮಪ್ಪನಿಗೆ ಹೇಳಿ, ಅದು ಹೊಟ್ಟೆನೋವಿನದು, ನಮಾಜಿನದಲ್ಲ ಅಂತ. ಓಡಿಸಿದ್ರೆ ಸಾಯುತ್ತೆ ಅಂತ."

"ನಮಾಜು ಅಂದವಳು ನೀನೇ ಅಲ್ವೇನೇ?"

"ನನ್ನ ಬಾಯಿಗೆ ಬೀಗ ಹಾಕಿದವರು ಯಾರು?"

ಹೋಗಿ ಹೇಳಿದ. ಅರ್ಧ ಹೇಳಿದನೋ ಪೂರ್ತಿ ಹೇಳಿದನೋ ನನಗೆ ಗೊತ್ತಿಲ್ಲ. ಮಾವನ ಉತ್ತರ ಅಂಗಳಕ್ಕೆಲ್ಲ ಕೇಳಿಸಿತು. "ಹದಕ್ಕೆ ಬಂದ ಕುದುರೆ ಕೆರಿಲೇ ಕೆರಿಲುತ್ತೆ. ನಮಾಜು ಮಾಡಿದ್ರೆ ಅಣ್ಣನ ಪುಣ್ಯ, ಮೈಮುರಿದ್ರೆ ನನ್ನ ಪುಣ್ಯ. ಎರಡೂ ಒಳ್ಳೇದೇ." ಮೆದೆರ್ ತಿರುಗಿ ಬಂದು ಸೂಜಿ ಹಿಡಿದ.

ಆಮೇಲೆ ನಾನು ಕಳ್ಳಿಯಾದೆ. ಮಾವ ಮಸೀದಿಯ ಕಡೆ ಹೋದಾಗ (ಈಚೆಗೆ ಅವರೂ ಹೋಗಲು ಶುರು ಮಾಡಿದ್ದರು) ಸೆರಗಿನಲ್ಲಿ ಹಸಿ ಹುಲ್ಲು ಕಟ್ಟಿಕೊಂಡು ಹೋಗಿ ತಿನ್ನಿಸುತ್ತಿದ್ದೆ. ಹುಲ್ಲು ಸಿಕ್ಕ ದಿನ ಚಾಚುವುದು ಕಡಿಮೆಯಾಗುತ್ತಿತ್ತು. ಮೂರನೆಯ ದಿನ ಸಿಕ್ಕಿಬಿದ್ದೆ. ಮಾವ ಬೈಯಲಿಲ್ಲ. ನನ್ನ ಸೆರಗಿನಿಂದ ಹುಲ್ಲನ್ನು ಒಂದೊಂದೇ ಎಸಳು ಕೊಡವಿ, ಕುದುರೆಯನ್ನು ಕೊಟ್ಟಿಗೆಯೊಳಗೆ ಕಟ್ಟಿ ಬೀಗ ಹಾಕಿ, ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು. ಓಟಕ್ಕೆ ಇನ್ನು ಒಂಬತ್ತು ದಿನ ಇತ್ತು.

ಊಟದ ದಿನ ಬಂತು. ಊರಾಚೆಯ ಬಯಲಿನಲ್ಲಿ ಬಿಳಿ ಗುಡಾರಗಳ ಸಾಲು, ಹೊಗೆ, ದೊಡ್ಡ ಕಡಾಯಿಗಳಲ್ಲಿ ಮಾಂಸ, ಹುಳಿ ಹಿಡಿದ ಕುದುರೆಹಾಲಿನ ಚರ್ಮದ ಚೀಲಗಳು. ಮೂವತ್ತೆರಡು ಕುದುರೆಗಳು ಓಟಕ್ಕೆ ಬಂದಿದ್ದವು. ನೋಡುವವರೆಲ್ಲ ಮುತ್ತಿಕೊಂಡಿದ್ದದ್ದು ನಮ್ಮ ಜೀರ್ದೆಯನ್ನು. ಹೆಂಗಸರು ಮಕ್ಕಳನ್ನು ಎತ್ತಿ ತೋರಿಸುತ್ತಿದ್ದರು. ಅದರ ಬಾಲಕ್ಕೆ ಯಾರೋ ಬಿಳಿ ಪಟ್ಟಿ ಕಟ್ಟಿದ್ದರು. ಪಕ್ಕೆಲುಬುಗಳು ಎಣಿಸುವ ಹಾಗೆ ಎದ್ದಿದ್ದವು, ಕಣ್ಣು ಒಳಗೆ ಹೋಗಿತ್ತು. ಹದ ನೋಡಿ, ಹದ, ಅಂದರು ಗಂಡಸರು.

ನಾನು ಕಡಾಯಿಯ ಹತ್ತಿರ ಸೌಟು ಹಿಡಿದು ನಿಂತಿದ್ದೆ. ಮಾವ ಹಗ್ಗ ಸಡಿಲಿಸಿದರು. ಜೀರ್ದೆ ಮುಂಗಾಲು ಚಾಚಿತು. ಎದೆ ಇಳಿಯಿತು, ಮೂತಿ ಹೆಚ್ಚುಕಡಿಮೆ ಮಣ್ಣಿಗೆ ತಾಗಿತು. ಬಯಲೆಲ್ಲ ಸದ್ದಡಗಿ ಒಂದೇ ದನಿಯಲ್ಲಿ "ಓಮೀನ್" ಅಂದಿತು. ಆ ಸದ್ದಿನ ನಡುವೆ ಕುದುರೆ ನರಳಿದ್ದು ನನಗೆ ಕೇಳಿಸಿತು. ಬೇರೆ ಯಾರಿಗಾದರೂ ಕೇಳಿಸಿತೋ ಇಲ್ಲವೋ, ನನ್ನ ಕೈಯಲ್ಲಿ ಹಾಲು ಕುಡಿದ ಪ್ರಾಣಿ ಅದು, ನನಗೆ ಕೇಳಿಸಿತು.

ಸೌಟನ್ನು ಅಲ್ಲೇ ಹಾಕಿದೆ. ಗಂಡಸರ ಗುಂಪಿನೊಳಗೆ ನುಗ್ಗಿ ಹೋಗಿ ಲಗಾಮು ಹಿಡಿದೆ.

"ಕೆರಿಮ್‌ಕುಲ್ ಮಾವ," ಅಂದೆ. ಗಟ್ಟಿಯಾಗಿಯೇ ಅಂದೆ. "ಕುದುರೆ ನಮಾಜು ಮಾಡ್ತಿಲ್ಲ. ಕೆರಿಲ್ತಾ ಇದೆ. ಹೊಟ್ಟೆ ನೋವಿಗೆ ಕೆರಿಲ್ತಾ ಇದೆ. ನಮಾಜು ಅಂತ ಸುಳ್ಳು ಹೇಳಿದವಳು ನಾನು. ನಿಮ್ಮ ಹೆಸರಿನ ಭಯಕ್ಕೆ ಹೇಳಿದೆ."

ದೂರದಲ್ಲಿ ಅತ್ತೆಯ ಕೈಯಿಂದ ತಟ್ಟೆ ಬಿದ್ದ ಸದ್ದು ಬಂತು. ಆಮೇಲೆ ಯಾರೋ ಹಿಂದಿನಿಂದ, "ಮೆದೆರ್, ಕುದುರೆ ಬಿಡೋ, ಮೊದಲು ನಿನ್ನ ಹೆಂಡತಿಯನ್ನ ಕಟ್ಟು," ಅಂದ. ನಗು ಎದ್ದಿತು.

"ಕಟ್ಟೋಕೆ ನೀನೇ ಬಾ," ಅಂದೆ. "ಮುಖ ತೋರಿಸಿ ಮಾತಾಡು." ಮುಖ ಯಾರದೂ ಕಾಣಲಿಲ್ಲ.

ಮಾವನ ಮುಖ ಮಾತ್ರ ನನ್ನಿಂದ ಒಂದು ಮೊಳದ ದೂರದಲ್ಲಿತ್ತು. ಸುಣ್ಣದ ಹಾಗೆ ಬೆಳ್ಳಗಾಗಿತ್ತು. "ಕೈ ಬಿಡು ಸೊಸೆ," ಅಂದರು.

"ಬಿಡಲ್ಲ."

"ನನ್ನಣ್ಣನ ಊಟದ ದಿನ ನನ್ನ ಹೆಸರು ಹಿಡಿದು ಕೂಗ್ತೀಯ?"

"ಇಪ್ಪತ್ತು ದಿನದಿಂದ ಕೂಗದೇ ಹೇಳಿದೆ, ಯಾರಿಗೂ ಕೇಳಿಸಲಿಲ್ಲ. ನಿಮಗೆ ಕುದುರೆ ಗೊತ್ತು ಮಾವ, ನನಗಿಂತ ಚೆನ್ನಾಗಿ ಗೊತ್ತು. ಹಾಗಾದ್ರೆ ಇಲ್ಲಿ ಕೈ ಇಡಿ." ಅವರ ಕೈಯನ್ನು ಹಿಡಿದೆಳೆದೆ. ಮಾವನ ಕೈ ಮುಟ್ಟಿದ್ದು ಅದೇ ಮೊದಲು. ಜೀನಿನ ಪಟ್ಟಿಯ ಹಿಂದೆ, ಹೊಟ್ಟೆಯ ಮೆತ್ತನೆಯ ಜಾಗಕ್ಕೆ ಆ ಮುಷ್ಟಿಯನ್ನು ಒತ್ತಿದೆ. ಜೀರ್ದೆ ಕಿವಿ ಹಿಂದಕ್ಕೆ ಮಡಚಿ, ಹಲ್ಲು ಬಿಟ್ಟು, ತಿರುಗಿ ಅವರ ತೋಳಿಗೆ ಬಾಯಿ ಹಾಕಿತು. ಕೋಟಿನ ತೋಳು ಹರಿಯಿತು. ಅಲ್ಲಿಯವರೆಗೆ ಅದು ಯಾರನ್ನೂ ಕಚ್ಚಿದ್ದಿಲ್ಲ.

ಮಾವನಿಗೆ ಅರ್ಥವಾಯಿತು. ಅವರ ಕಣ್ಣಲ್ಲಿ ಅದನ್ನು ನಾನು ನೋಡಿದೆ. ಆದರೆ ಸುತ್ತ ಎರಡು ಸಾವಿರ ಜನ. ಅಣ್ಣನಿಗೆ ಕೊಟ್ಟ ಮಾತು. ಮುದುಕ ಎಲ್ಲಿಗೆ ಹೋಗಬೇಕು? "ಓಡುತ್ತೆ," ಅಂದರು, ಹಲ್ಲು ಕಚ್ಚಿಕೊಂಡು. "ಇದು ಈ ಮನೆಯ ಕುದುರೆ."

"ನನ್ನ ಕುದುರೆ," ಅಂದೆ. "ಇದರ ತಾಯಿಯನ್ನ ನನ್ನಪ್ಪ ನನ್ನ ಕೈಗೆ ಕೊಟ್ಟ, ನಿಮ್ಮ ಕೈಗಲ್ಲ. ನನಗಿದು ಕೆರೆಕ್. ಜೀವಂತವಾಗಿ ಕೆರೆಕ್. ಬೇರೆ ಮಾತು ನನ್ನ ಹತ್ತಿರ ಇಲ್ಲ."

ಜೀನು ಬಿಚ್ಚಿ ನೆಲಕ್ಕೆ ಹಾಕಿದೆ. ಸವಾರಿಗೆ ಸಿದ್ಧವಾಗಿದ್ದ ಜಾನಿಲಳ ಮಗ ಹೆದರಿ ತಾಯಿಯ ಹಿಂದೆ ಹೋದ. ಲಗಾಮು ಹಿಡಿದು ನಡೆದೆ. ಎದುರಿಗೆ ಮೆದೆರ್ ನಿಂತಿದ್ದ. ತಡೆಯುತ್ತಾನೆ ಅಂದುಕೊಂಡೆ, ಎದೆಗೇ ಗುದ್ದಲು ತಯಾರಾಗಿದ್ದೆ. ಅವನು ಪಕ್ಕಕ್ಕೆ ಸರಿದ. ಅಷ್ಟೇ. ಅದಕ್ಕೂ ಧೈರ್ಯ ಬೇಕಾಗಿತ್ತು ಎಂದು ಆಮೇಲೆ ಎಷ್ಟೋ ಸಲ ಹೇಳಿದ್ದಾನೆ. ಇರಬಹುದು.

ಹಿಂದಿನಿಂದ ಬೈಗುಳ ಬಂದವು. ಹುಚ್ಚಿ ಅಂದರು, ಸತ್ತವರ ಹೆಸರಿಗೆ ಮಸಿ ಬಳಿದಳು ಅಂದರು, ಸೋಲುವ ಭಯಕ್ಕೆ ಕೆರಿಮ್‌ಕುಲನೇ ಸೊಸೆಯ ಕೈಲಿ ಆಟ ಆಡಿಸಿದ ಎಂದೂ ಅಂದರು. ಮನೆಗೆ ಎಂಟು ಕಿಲೋಮೀಟರು. ಬಯಲು ದಾಟಿ ಮೊದಲ ಹೊಳೆ ಸಿಗುವ ಮೊದಲೇ ಜೀರ್ದೆ ನಿಂತಿತು, ಮಂಡಿ ಮಡಚಿ ಬಿದ್ದು ಹೊರಳಾಡಿತು. ಅಷ್ಟು ಹೊತ್ತು ತಲೆ ಎತ್ತಿಕೊಂಡು ನಡೆದವಳು ಅಲ್ಲಿ ಕೂತು ಅತ್ತುಬಿಟ್ಟೆ. ಬೈದೆ, ಎಬ್ಬಿಸಿದೆ, ನಡೆಸಿದೆ, ಮತ್ತೆ ಬಿತ್ತು, ಮತ್ತೆ ಎಬ್ಬಿಸಿದೆ. ಮನೆ ಮುಟ್ಟುವಾಗ ಸೂರ್ಯ ಇಳಿಯುತ್ತಿದ್ದ. ಅದನ್ನು ಕೊಟ್ಟಿಗೆಗೆ ಸೇರಿಸಲಿಲ್ಲ, ಹೊಳೆಯಂಚಿನ ಎಳೆ ಹುಲ್ಲಿಗೆ ಬಿಟ್ಟೆ.

ಓಡಿದ್ದರೆ ಸಾಯುತ್ತಿತ್ತೇ? ನನ್ನ ಲೆಕ್ಕದಲ್ಲಿ ಹತ್ತನೆಯ ಕಿಲೋಮೀಟರು ದಾಟುತ್ತಿರಲಿಲ್ಲ. ಊರಿನ ಲೆಕ್ಕದಲ್ಲಿ ಮೊದಲು ಬರುತ್ತಿತ್ತು. ಓಡದ ಕುದುರೆಯ ಬಗ್ಗೆ ಯಾರು ಏನು ಬೇಕಾದರೂ ಹೇಳಬಹುದು. ಜೀರ್ದೆ ಮೊದಲ ವಾರ ಹುಲ್ಲು ಬಿಟ್ಟು ಬೇರೇನನ್ನೂ ಮೂಸಲಿಲ್ಲ. ಮೂರನೆಯ ದಿನ ಮಾವ ಹೊಳೆಯ ದಂಡೆಗೆ ಬಂದರು. ನನ್ನ ಕಡೆ ನೋಡಲಿಲ್ಲ. ಕೂತು, ಕಡ್ಡಿಯಿಂದ ಲದ್ದಿ ಒಡೆದು ನೋಡಿದರು. ಎದ್ದು ಹೋಗುವಾಗ ಕಡ್ಡಿಯನ್ನು ಹೊಳೆಗೆ ಎಸೆದರು. ಅಂದಿನಿಂದ ಮನೆಯಲ್ಲಿ ಯಾರೂ ನನ್ನ ಜೊತೆ ಮಾತಾಡಲಿಲ್ಲ. ಮೆದೆರ್ ಮಾತ್ರ ಪಿಸುಗುಡುತ್ತಿದ್ದ.

ಮೂರು ವಾರದ ಮೇಲೆ ಊರ ಹಿರಿಯ ತೋಕ್ತೋ ಇನ್ನಿಬ್ಬರನ್ನು ಕರೆದುಕೊಂಡು ರಾಜಿಗೆ ಬಂದ. ನೆರಿಗೆ ಬಿದ್ದ ಮುಖದ ಸಮಾಧಾನದ ಮನುಷ್ಯ. ಅತ್ತೆ ಅವರಿಗೆ ಚಹಾ ಕೊಟ್ಟು, ಪೆಟ್ಟಿಗೆಯಿಂದ ಬಿಳಿ ವಸ್ತ್ರ ತೆಗೆದು ನನ್ನ ಮುಂದಿಟ್ಟರು. ಹೊಸ ಸೊಸೆ ಹಿರಿಯರ ಮುಂದೆ ತಲೆಗೆ ಬಿಳಿ ವಸ್ತ್ರ ಹೊದ್ದು, ಮಂಡಿಯ ಮೇಲೆ ಕೈಯಿಟ್ಟು, ಮೂರು ಸಲ ಬಗ್ಗಿ ವಂದಿಸಬೇಕು. ನಮ್ಮ ಮನೆಯಲ್ಲಿ ಹೊಸತು ಹಳತು ಅಂತ ಇರಲಿಲ್ಲ, ಹನ್ನೆರಡು ವರ್ಷ ದಿನಾ ಬೆಳಿಗ್ಗೆ ನಾನು ಮಾವನಿಗೆ ಬಗ್ಗಿದ್ದೇನೆ. ಊಟದ ದಿನದಿಂದ ನಿಲ್ಲಿಸಿದ್ದೆ.

"ದೊಡ್ಡ ಮಾತೇನಿಲ್ಲ ಮಗಳೇ," ಅಂದ ತೋಕ್ತೋ. "ಕುದುರೆ ಉಳೀತು, ಒಳ್ಳೇದೇ ಆಯ್ತು. ನೀನು ಹೊಸದಾಗಿ ಬಂದವಳ ಹಾಗೆ ಮೂರು ಸಲ ಬಗ್ಗಿಬಿಡು. ಕೆರಿಮ್‌ಕುಲ್ ಹರಸ್ತಾನೆ. ಹಳೇದೆಲ್ಲ ಇಲ್ಲಿಗೆ ಮುಗೀತು."

ಮಾವ ಗೋಡೆಗೆ ಒರಗಿ ಕೂತಿದ್ದರು. ಹರಿದ ತೋಳಿನ ಕೋಟೇ ಮೈಮೇಲಿತ್ತು, ಅದನ್ನು ಯಾರೂ ಹೊಲಿದಿರಲಿಲ್ಲ.

"ಬಗ್ಗಲ್ಲ," ಅಂದೆ.

ಅತ್ತೆ ತಲೆಗೆ ಕೈ ಹೊತ್ತರು. ತೋಕ್ತೋ ನಗುತ್ತಲೇ, "ಬೆನ್ನು ನೋವಾ?" ಅಂದ.

"ಆ ಕುದುರೆ ಇಪ್ಪತ್ತು ದಿನ ಎಲ್ಲರ ಮುಂದೆ ಬಗ್ಗಿತು. ಊರಿಗೆ ಊರೇ ಬಂದು ನೋಡಿ ಹರಸಿತು. ಯಾಕೆ ಬಗ್ಗುತ್ತೆ ಅಂತ ಒಬ್ಬರೂ ಕೇಳಲಿಲ್ಲ. ನಾನು ಹನ್ನೆರಡು ವರ್ಷ ಬಗ್ಗಿದ್ದೀನಿ, ನನ್ನನ್ನೂ ಯಾರೂ ಕೇಳಲಿಲ್ಲ. ಇನ್ನು ಮೂರು ಸಲ ಬಗ್ಗಿದ್ರೆ ನಿಮ್ಮ ಚಹಾ ಮುಗಿಯುತ್ತೆ, ನೀವು ಹೋಗ್ತೀರಿ. ಬೈಯೋದಾದ್ರೆ ಬೈಯಿರಿ, ತವರಿಗೆ ಕಳಿಸೋದಾದ್ರೆ ಕಳಿಸಿ, ಕುದುರೆ ಹೊಡ್ಕೊಂಡು ಹೋಗ್ತೀನಿ. ಬಗ್ಗಲ್ಲ."

ತೋಕ್ತೋ ಚಹಾ ಬಟ್ಟಲು ಕೆಳಗಿಟ್ಟು ಮಾವನ ಕಡೆ ನೋಡಿದ. ಈಗ ಈ ಮುದುಕ ಬಾಗಿಲು ತೋರಿಸುತ್ತಾನೆ ಎಂದು ನಾನೂ ಅಂದುಕೊಂಡೆ. ಬಟ್ಟೆಯ ಗಂಟನ್ನು ಬೆಳಿಗ್ಗೆಯೇ ಕಟ್ಟಿಟ್ಟಿದ್ದೆ.

ಮಾವ ಎದ್ದು ಬಂದರು. ನನ್ನೆದುರು ನೆಲಕ್ಕೆ ಕೂತರು. ಕುದುರೆಯ ಹತ್ತಿರ ಮಾತಾಡುವಾಗ ಮಾತ್ರ ಬರುತ್ತಿದ್ದ ದನಿಯಲ್ಲಿ ಕೇಳಿದರು, "ನಿನಗೆ ಎಲ್ಲಿ ನೋಯ್ತದೆ?"

ಹೇಳಿದೆ. ಮೂರನೆಯ ದಿನದ ಒಲೆಯ ಮುಂದಿನಿಂದ ಶುರು ಮಾಡಿ ಎಲ್ಲವನ್ನೂ ಹೇಳಿದೆ. ಹಿರಿಯರು ಅರ್ಧಕ್ಕೇ ಎದ್ದು ಹೋದರು. ಅತ್ತೆ ಗೋಡೆಯ ಕಡೆ ತಿರುಗಿ ಕೂತರು. ಕೆರಿಮ್‌ಕುಲ್ ಕೂತೇ ಇದ್ದರು, ನಾನೂ ನಿಲ್ಲಿಸಲಿಲ್ಲ.